ಶಾಂತ ಹೆರಿಗೆಗೆ ವಿಶ್ರಾಂತಿ ಮತ್ತು ಮನೋಚಿತ್ರಣದ ಸಿದ್ಧತೆ

ವಿಶ್ರಾಂತಿ ಮತ್ತು ಮನೋಚಿತ್ರಣದ ಸಿದ್ಧತೆ ಎಂಬುದು ಹೆರಿಗೆಯ ಭಯವನ್ನೂ ದೇಹದ ಬಿಗಿತವನ್ನೂ ತಗ್ಗಿಸಿಕೊಳ್ಳುವ ಉದ್ದೇಶದಿಂದ ಗರ್ಭಿಣಿಯು ಬಸುರಿನ ತಿಂಗಳುಗಳಲ್ಲಿಯೇ ರೂಢಿಸಿಕೊಳ್ಳುವ ಅಭ್ಯಾಸಗಳ ಒಟ್ಟು ಹೆಸರು. ಸ್ನಾಯುಗಳನ್ನು ಕ್ರಮವಾಗಿ ಸಡಿಲಿಸುವುದು, ನಿಧಾನವಾದ ಉಸಿರಾಟ, ನೆಮ್ಮದಿ ಕೊಡುವ ದೃಶ್ಯಗಳನ್ನು ಮನಸ್ಸಿನಲ್ಲಿ ಕಂಡುಕೊಳ್ಳುವುದು, ಹೆರಿಗೆಯ ಘಟ್ಟಗಳನ್ನು ಮುಂಚಿತವಾಗಿ ಕಲ್ಪಿಸಿಕೊಳ್ಳುವುದು ಇವುಗಳಲ್ಲಿ ಮುಖ್ಯವಾದವು. ಶವಾಸನ, ಯೋಗನಿದ್ರೆ, ಧ್ಯಾನ ಮತ್ತು ಸ್ವಸಂಮೋಹನ ಇವಕ್ಕೆ ಸಮೀಪವಾದ ಪದ್ಧತಿಗಳು.

ಇಲ್ಲಿ 'ಶಾಂತ ಹೆರಿಗೆ' ಎಂದರೆ ನೋವಿಲ್ಲದ ಹೆರಿಗೆ ಎಂದಾಗಲಿ, ಔಷಧವಿಲ್ಲದ ಅಥವಾ ಶಸ್ತ್ರಕ್ರಿಯೆಯಿಲ್ಲದ ಹೆರಿಗೆ ಎಂದಾಗಲಿ ಅರ್ಥವಲ್ಲ. ನೋವು ಬಂದಾಗ ಭಯವು ಅದನ್ನು ಇಮ್ಮಡಿಸದಂತೆ ನೋಡಿಕೊಳ್ಳುವುದು ಮತ್ತು ತನ್ನ ಸುತ್ತ ನಡೆಯುತ್ತಿರುವುದನ್ನು ತಾಯಿಯು ತಿಳಿದುಕೊಂಡು ಪಾಲ್ಗೊಳ್ಳುವಂತಾಗುವುದು ಇದರ ಗುರಿ. ಈ ಅಭ್ಯಾಸಗಳು ವೈದ್ಯಕೀಯ ಆರೈಕೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ಪದಗಳ ಅರ್ಥ

ದೈನಂದಿನ ಮಾತಿನಲ್ಲಿ ವಿಶ್ರಾಂತಿ ಎಂದರೆ ಕೆಲಸ ಬಿಟ್ಟು ಮಲಗುವುದು. ಹೆರಿಗೆಯ ಸಿದ್ಧತೆಯಲ್ಲಿ ಈ ಪದಕ್ಕೆ ಇನ್ನೂ ನಿರ್ದಿಷ್ಟವಾದ ಅರ್ಥವಿದೆ: ಎಚ್ಚರವಾಗಿದ್ದುಕೊಂಡೇ ಬೇಕೆಂದಾಗ ಸ್ನಾಯುಗಳ ಬಿಗಿತವನ್ನು ಗುರುತಿಸಿ ಬಿಡಿಸಿಕೊಳ್ಳುವ ಸಾಮರ್ಥ್ಯ. ಈಜು ಅಥವಾ ಹೊಲಿಗೆಯಂತೆ ಇದು ಅಭ್ಯಾಸದಿಂದ ಬರುವ ಕೌಶಲ. ನೋವು ಪ್ರಾರಂಭವಾದ ಮೇಲೆ ಮೊದಲ ಬಾರಿಗೆ ಕಲಿಯಲು ಹೊರಟರೆ ಅದು ಒದಗುವುದು ಕಷ್ಟ.

ಮನೋಚಿತ್ರಣವೆಂದರೆ ಒಂದು ಸ್ಥಳವನ್ನೋ ಘಟನೆಯನ್ನೋ ಮನಸ್ಸಿನಲ್ಲಿ ಸ್ಪಷ್ಟವಾಗಿ ಮೂಡಿಸಿಕೊಳ್ಳುವುದು. ಕೇವಲ ಕಣ್ಣಿಗೆ ಕಾಣುವ ಚಿತ್ರವಷ್ಟೇ ಅಲ್ಲದೆ ಸದ್ದು, ವಾಸನೆ, ಸ್ಪರ್ಶ, ತಂಪು ಮತ್ತು ಬಿಸಿಯ ಅನುಭವಗಳೂ ಇದರಲ್ಲಿ ಸೇರುತ್ತವೆ. ಬೇರೊಬ್ಬರ ಧ್ವನಿಯನ್ನು ಆಲಿಸುತ್ತ ಮಾಡಿದರೆ ಅದನ್ನು ಮಾರ್ಗದರ್ಶಿತ ಮನೋಚಿತ್ರಣ ಎನ್ನಬಹುದು.

ಹೆರಿಗೆಯಲ್ಲಿ ಭಯದ ಪಾತ್ರ

ಗರ್ಭಕೋಶದ ಸ್ನಾಯು ಮನುಷ್ಯರ ಇಚ್ಛೆಗೆ ಒಳಪಟ್ಟದ್ದಲ್ಲ. ಕೈಯನ್ನು ಮಡಿಸುವಂತೆ ಅದನ್ನು ಸಂಕುಚಿಸಲು ಅಥವಾ ನಿಲ್ಲಿಸಲು ಸಾಧ್ಯವಿಲ್ಲ. ಮಿದುಳಿನಲ್ಲಿ ಉತ್ಪತ್ತಿಯಾಗಿ ಪಿಟ್ಯುಟರಿ ಗ್ರಂಥಿಯಿಂದ ಬಿಡುಗಡೆಯಾಗುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಅದರ ಸಂಕೋಚನಗಳನ್ನು ಬಲಪಡಿಸುತ್ತದೆ. ಪ್ರತಿಯೊಂದು ಸಂಕೋಚನವೂ ಗರ್ಭಕೋಶದ ಕೊರಳನ್ನು ಸ್ವಲ್ಪ ಸ್ವಲ್ಪವೇ ತೆಳುವಾಗಿಸಿ ತೆರೆಯುತ್ತದೆ.

ಭಯವಾದಾಗ ದೇಹವು ಅಪಾಯವನ್ನು ಎದುರಿಸಲು ಸಜ್ಜಾಗುತ್ತದೆ. ಅಡ್ರಿನಲಿನ್ ಸ್ರವಿಸುತ್ತದೆ; ಎದೆಬಡಿತ ಏರುತ್ತದೆ; ಉಸಿರು ಮೇಲುಮೇಲಕ್ಕೆ ಬರುತ್ತದೆ; ಹೆಗಲು, ದವಡೆ, ಹೊಟ್ಟೆ ಮತ್ತು ತೊಡೆಯ ಸ್ನಾಯುಗಳು ಬಿಗಿಯುತ್ತವೆ. ಅಡ್ರಿನಲಿನ್ ಹೆಚ್ಚಿದಾಗ ಗರ್ಭಕೋಶದ ಸಂಕೋಚನಗಳು ಕುಗ್ಗಬಲ್ಲವು. ಬಿಗಿಹಿಡಿದ ಸ್ನಾಯುಗಳು ತಾಯಿಯ ಶಕ್ತಿಯನ್ನು ವ್ಯರ್ಥವಾಗಿ ಕಬಳಿಸುತ್ತವೆ. ಆಯಾಸ ಹೆಚ್ಚಿದಷ್ಟೂ ನೋವನ್ನು ತಾಳಿಕೊಳ್ಳುವ ಶಕ್ತಿ ಇಳಿಯುತ್ತದೆ. ನೋವು ಹೆಚ್ಚಿದಂತೆ ತೋರಿದಾಗ ಭಯ ಮತ್ತಷ್ಟು ಬೆಳೆಯುತ್ತದೆ. ಈ ಸುಳಿಯನ್ನು ಒಂದು ಕಡೆ ತುಂಡರಿಸುವುದೇ ವಿಶ್ರಾಂತಿ ಅಭ್ಯಾಸದ ಹಿಂದಿನ ತರ್ಕ.

ನೋವಿನ ಅನುಭವದಲ್ಲಿ ಮನಸ್ಸಿಗೂ ಪಾಲಿದೆ ಎಂಬುದಕ್ಕೆ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ 'ದ್ವಾರ ನಿಯಂತ್ರಣ ಸಿದ್ಧಾಂತ' ಒಂದು ವಿವರಣೆಯನ್ನು ಒದಗಿಸಿತು. ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳು ಹಾದುಹೋಗುವ ಎಡೆಯೊಂದು ಬಾಗಿಲಿನಂತೆ ವರ್ತಿಸುತ್ತದೆ. ಸ್ಪರ್ಶ ಮತ್ತು ಮಿದುಳಿನಿಂದ ಕೆಳಗಿಳಿಯುವ ಸಂಕೇತಗಳು ಆ ಬಾಗಿಲನ್ನು ಭಾಗಶಃ ಮುಚ್ಚಬಲ್ಲವು ಎಂಬುದು ಅದರ ಸಾರ. ಸೊಂಟವನ್ನು ನೀವಿದಾಗ ಬೇನೆ ಸ್ವಲ್ಪ ಹಗುರವೆನಿಸುವುದನ್ನು ಈ ಸಿದ್ಧಾಂತದ ಮೂಲಕ ಅರ್ಥಮಾಡಿಕೊಳ್ಳಬಹುದು.

ಚರಿತ್ರೆ

ಅಮೆರಿಕದ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ನಾಯುಗುಂಪುಗಳನ್ನು ಒಂದೊಂದಾಗಿ ಸಡಿಲಿಸುವ ಕ್ರಮವನ್ನು ವಿವರಿಸಿದನು. ಇದು ಹೆರಿಗೆಗೆಂದೇ ರೂಪಿಸಿದ್ದಲ್ಲವಾದರೂ ಮುಂದಿನ ಪದ್ಧತಿಗಳಿಗೆ ಅಡಿಪಾಯವಾಯಿತು.

ಇಂಗ್ಲೆಂಡಿನ ಪ್ರಸೂತಿ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲಿ ಸಹಜ ಹೆರಿಗೆಯ ಕುರಿತು ಪುಸ್ತಕ ಬರೆದು, ಭಯ, ಬಿಗಿತ ಮತ್ತು ನೋವು ಒಂದನ್ನೊಂದು ಬೆಳೆಸುತ್ತವೆ ಎಂದು ಪ್ರತಿಪಾದಿಸಿದನು. ತಿಳಿವಳಿಕೆ ನೀಡಿ ಭಯವನ್ನು ಕಳೆಯುವುದು, ವಿಶ್ರಾಂತಿಯನ್ನು ಕಲಿಸುವುದು ಮತ್ತು ಬೇನೆಯ ಹೊತ್ತಿನಲ್ಲಿ ತಾಯಿಯನ್ನು ಒಂಟಿಯಾಗಿ ಬಿಡದಿರುವುದು ಅವನ ಪದ್ಧತಿಯ ಮೂರು ಅಂಗಗಳು.

ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದ ವೈದ್ಯರು ಪಾವ್ಲೋವನ ಸಿದ್ಧಾಂತವನ್ನು ಆಧರಿಸಿ ಹೆರಿಗೆ ನೋವಿಗೆ ಮಾನಸಿಕ ಸಿದ್ಧತೆ ನೀಡುವ ಕ್ರಮವನ್ನು ಬೆಳೆಸಿದರು. ಅದನ್ನು 1951ರಲ್ಲಿ ಕಂಡುಬಂದ ಫ್ರಾನ್ಸಿನ ವೈದ್ಯ ಫೆರ್ನಾಂ ಲಮಾಜ್, ಪ್ಯಾರಿಸಿನ ಲೋಹಕಾರ್ಮಿಕರ ಹೆರಿಗೆ ಆಸ್ಪತ್ರೆಯಲ್ಲಿ ಜಾರಿಗೆ ತಂದನು. ನಿಯಮಬದ್ಧ ಉಸಿರಾಟಕ್ಕೆ ಪ್ರಾಧಾನ್ಯವಿದ್ದ ಈ ಕ್ರಮ 'ಲಮಾಜ್ ಪದ್ಧತಿ' ಎಂದು ಹೆಸರಾಯಿತು. 1956ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಈ ಬಗೆಯ ಹೆರಿಗೆ ಸಿದ್ಧತೆಯಲ್ಲಿ ನೈತಿಕವಾಗಿ ಆಕ್ಷೇಪಾರ್ಹವಾದುದೇನೂ ಇಲ್ಲವೆಂದು ತಿಳಿಸಿದರು. ನೋವಿನಿಂದಲೇ ಹೆರಬೇಕೆಂಬ ಧಾರ್ಮಿಕ ನಂಬಿಕೆ ಪ್ರಬಲವಾಗಿದ್ದ ಕಾಲದಲ್ಲಿ ಈ ಮಾತಿಗೆ ಮಹತ್ವವಿತ್ತು. 1989ರಲ್ಲಿ ಅಮೆರಿಕದ ಮೇರಿ ಮೊಂಗನ್ ಸ್ವಸಂಮೋಹನ ಮತ್ತು ಮನೋಚಿತ್ರಣವನ್ನು ಆಧರಿಸಿದ ತರಬೇತಿಯೊಂದನ್ನು ಪ್ರಚುರಪಡಿಸಿದಳು.

ಫ್ರಾನ್ಸಿನ ಮತ್ತೊಬ್ಬ ಪ್ರಸೂತಿ ವೈದ್ಯ ಫ್ರೆಡರಿಕ್ ಲೆಬೊಯೆ 1974ರ ತನ್ನ ಪುಸ್ತಕದಲ್ಲಿ ಮಂದ ಬೆಳಕು, ಮೆಲುದನಿ ಮತ್ತು ಮೃದು ಸ್ಪರ್ಶದಿಂದ ಶಿಶುವನ್ನು ಬರಮಾಡಿಕೊಳ್ಳಬೇಕೆಂದು ವಾದಿಸಿದನು. ಭಾರತದಲ್ಲಿ ಸಂಚರಿಸಿದ್ದ ಈತ ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗದಿಂದ ಪ್ರಭಾವಿತನಾಗಿ 1978ರಲ್ಲಿ ಗರ್ಭಿಣಿಯರ ಯೋಗವನ್ನು ಕುರಿತ ಸಚಿತ್ರ ಗ್ರಂಥವನ್ನು ಹೊರತಂದನು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಅಯ್ಯಂಗಾರ್ ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಶಿಷ್ಯರಾಗಿದ್ದವರು. ಹೀಗೆ ಐರೋಪ್ಯ ಹೆರಿಗೆ ಚಿಂತನೆಗೆ ಕನ್ನಡನಾಡಿನ ಯೋಗಪರಂಪರೆಯ ಒಂದು ಎಳೆಯೂ ಸೇರಿಕೊಂಡಿತು.

ಕರ್ನಾಟಕದಲ್ಲಿ

ಸಂಪ್ರದಾಯ

ಗರ್ಭಿಣಿಯ ಮನಸ್ಸನ್ನು ಸಂತೋಷವಾಗಿಡಬೇಕೆಂಬ ತಿಳಿವಳಿಕೆ ಕನ್ನಡನಾಡಿನಲ್ಲಿ ಹಳೆಯದು. ಬಸುರಿಯ ಬಯಕೆ ತೀರಿಸುವುದು, ಸೀಮಂತ, ಹೂ ಮುಡಿಸುವ ಶಾಸ್ತ್ರ, ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವುದು ಇವೆಲ್ಲ ಆಕೆಯನ್ನು ಪರಿಚಿತ ಮುಖಗಳ ನಡುವೆ ಇರಿಸುವ ಏರ್ಪಾಡುಗಳು. ತುಳುನಾಡಿನಲ್ಲಿಯೂ 'ಬಯಕೆ'ಯ ಸಮಾರಂಭ ರೂಢಿಯಲ್ಲಿದೆ. ಮನೆಯ ಹೆರಿಗೆಯ ಕಾಲದಲ್ಲಿ ಸೂಲಗಿತ್ತಿಯು ಬೇನೆಯುದ್ದಕ್ಕೂ ಬಳಿಯಲ್ಲಿದ್ದು ಧೈರ್ಯ ಹೇಳುತ್ತಿದ್ದಳು. ತುಮಕೂರು ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಆ ಪದ್ಧತಿಯ ಮಾನಸಿಕ ಆಸರೆಯನ್ನು ಮೆಚ್ಚುವಾಗ ಅಂದಿನ ಅಪಾಯಗಳನ್ನು ಮರೆಯಲಾಗದು. ರಕ್ತಸ್ರಾವ, ನಂಜು ಮತ್ತು ತಡೆಗೊಂಡ ಹೆರಿಗೆಗಳಿಂದ ಅನೇಕ ತಾಯಂದಿರು ಸಾಯುತ್ತಿದ್ದರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಅಥವಾ ಆರೋಗ್ಯ ಕೇಂದ್ರಗಳಲ್ಲಿ ಆಗುತ್ತಿವೆ. ಇದೇ ಸಮೀಕ್ಷೆಯಲ್ಲಿ ರಾಜ್ಯದ ಸಿಸೇರಿಯನ್ ಹೆರಿಗೆಗಳ ಪ್ರಮಾಣ ಶೇ. 31.5 ಇತ್ತು, ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 23.6 ಆಗಿತ್ತು. ಹೆರಿಗೆ ಸುರಕ್ಷಿತ ಸ್ಥಳಕ್ಕೆ ಬಂದಿದೆ. ಆದರೆ ಅಲ್ಲಿ ತಾಯಿಯ ಮನಸ್ಸಿಗೆ ಮೊದಲಿದ್ದ ಆಸರೆಯನ್ನು ಹೇಗೆ ಒದಗಿಸಬೇಕೆಂಬ ಪ್ರಶ್ನೆ ಉಳಿದಿದೆ. ವಿಶ್ರಾಂತಿಯ ಸಿದ್ಧತೆಗೆ ಇಂದು ಇರುವ ಮಹತ್ವವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಸಂಶೋಧನೆ

ಗರ್ಭಿಣಿಯರಿಗೆ ಯೋಗ, ಆಳವಾದ ವಿಶ್ರಾಂತಿ ಮತ್ತು ಮನೋಚಿತ್ರಣವನ್ನು ಕಲಿಸಿ ಪರಿಣಾಮವನ್ನು ಅಳೆಯುವ ಕೆಲಸ ಬೆಂಗಳೂರಿನಲ್ಲಿ ಗಮನಾರ್ಹವಾಗಿ ನಡೆದಿದೆ. ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ (ಎಸ್-ವ್ಯಾಸ) ಎಚ್.ಆರ್. ನಾಗೇಂದ್ರ ಮತ್ತು ಆರ್. ನಾಗರತ್ನ ಅವರು ಪ್ರಸೂತಿ ತಜ್ಞರೊಡನೆ ಸೇರಿ ಹಲವು ಅಧ್ಯಯನಗಳನ್ನು ಕೈಗೊಂಡರು.

2005ರಲ್ಲಿ ಪ್ರಕಟವಾದ ಅಧ್ಯಯನವು ಬೆಂಗಳೂರಿನ ಗುಣಶೀಲ ಹೆರಿಗೆ ಆಸ್ಪತ್ರೆಗೆ ಬರುತ್ತಿದ್ದ 335 ಗರ್ಭಿಣಿಯರನ್ನು ಒಳಗೊಂಡಿತ್ತು. ಒಂದು ಗುಂಪಿನವರು ಗರ್ಭದ 18ರಿಂದ 20ನೆಯ ವಾರದಲ್ಲಿ ಆರಂಭಿಸಿ ದಿನಕ್ಕೆ ಒಂದು ಗಂಟೆ ಯೋಗಾಭ್ಯಾಸ ಮಾಡಿದರು. ಇನ್ನೊಂದು ಗುಂಪಿನವರು ದಿನಕ್ಕೆ ಎರಡು ಬಾರಿ ಅರ್ಧ ಗಂಟೆ ನಡೆದರು. ಯೋಗದ ಗುಂಪಿನಲ್ಲಿ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಕದ ಶಿಶುಗಳ ಪ್ರಮಾಣ ಅಧಿಕವಾಗಿತ್ತು. ಅವಧಿಪೂರ್ವ ಹೆರಿಗೆ ಬೇನೆ ಕಡಿಮೆಯಿತ್ತು. ಆದರೆ ಈ ಗುಂಪುಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ವಿಂಗಡಿಸಿರಲಿಲ್ಲ ಎಂಬುದನ್ನು ಗಮನಿಸಬೇಕು.

2009ರಲ್ಲಿ ಪ್ರಕಟವಾದ, 122 ಆರೋಗ್ಯವಂತ ಗರ್ಭಿಣಿಯರ ಅಧ್ಯಯನದಲ್ಲಿ ಯೋಗ ಮತ್ತು ಆಳವಾದ ವಿಶ್ರಾಂತಿಯನ್ನು ಅಭ್ಯಸಿಸಿದವರ ಒತ್ತಡದ ಅಂಕಗಳು ಸುಮಾರು ಶೇ. 32ರಷ್ಟು ಇಳಿದವು, ಸಾಮಾನ್ಯ ವ್ಯಾಯಾಮ ಮಾಡಿದವರಲ್ಲಿ ಅವು ತುಸು ಏರಿದವು. 2015ರ ಮತ್ತೊಂದು ಅಧ್ಯಯನವು ಅಪಾಯದ ಸಾಧ್ಯತೆ ಹೆಚ್ಚಿದ್ದ 59 ಗರ್ಭಿಣಿಯರಲ್ಲಿ ಮನೋಚಿತ್ರಣವನ್ನೂ ಒಳಗೊಂಡ ಯೋಗದಿಂದ ಗರ್ಭಕೋಶ ಮತ್ತು ಶಿಶುವಿನ ರಕ್ತಸಂಚಾರದಲ್ಲಿ ಸುಧಾರಣೆಯ ಸೂಚನೆಗಳನ್ನು ಕಂಡಿತು. ಇವು ಚಿಕ್ಕ ಗಾತ್ರದ ಅಧ್ಯಯನಗಳಾದ್ದರಿಂದ ಇವುಗಳ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸಲಾಗದು.

ಮಂಗಳೂರು ಮತ್ತು ಕಂಕನಾಡಿ

ಮಂಗಳೂರಿನ ಕಂಕನಾಡಿಯು ಕರಾವಳಿಯ ವೈದ್ಯಕೀಯ ಚರಿತ್ರೆಯಲ್ಲಿ ಮುಖ್ಯ ಸ್ಥಳ. ಜರ್ಮನಿಯ ಜೆಸ್ಯೂಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಆ ಬೀಜದಿಂದ ಬೆಳೆದ ಫಾದರ್ ಮುಲ್ಲರ್ ಸಂಸ್ಥೆಗಳಲ್ಲಿ ಇಂದು ಆಸ್ಪತ್ರೆ, ನರ್ಸಿಂಗ್ ಶಿಕ್ಷಣ ಹಾಗೂ 1999ರಲ್ಲಿ ಪ್ರಾರಂಭವಾದ ವೈದ್ಯಕೀಯ ಕಾಲೇಜು ಸೇರಿವೆ. ನಗರದ ಸರ್ಕಾರಿ ಲೇಡಿಗೋಶನ್ ಆಸ್ಪತ್ರೆಯು ತಾಯಿ ಮತ್ತು ಶಿಶುಗಳ ಆರೈಕೆಗೆ ಮೀಸಲಾದ ಹಳೆಯ ಸಂಸ್ಥೆ. ಮಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳು ಹಲವಿದ್ದು, ಉಸಿರಾಟದ ಅಭ್ಯಾಸ, ಸ್ನಾಯು ಸಡಿಲಿಕೆ ಮತ್ತು ಬೆನ್ನು ನೀವುವಿಕೆಯಂಥ ಔಷಧರಹಿತ ನೋವುಶಮನ ಕ್ರಮಗಳು ಪ್ರಸೂತಿ ಶುಶ್ರೂಷೆಯ ವ್ಯಾಸಂಗದ ಭಾಗವಾಗಿವೆ.

ದಕ್ಷಿಣ ಕನ್ನಡದ ಹಳ್ಳಿಗಳಲ್ಲದೆ ಕಾಸರಗೋಡು, ಕೊಡಗು ಮತ್ತಿತರ ನೆರೆಯ ಜಿಲ್ಲೆಗಳ ಗರ್ಭಿಣಿಯರೂ ಚಿಕಿತ್ಸೆಗಾಗಿ ಮಂಗಳೂರಿಗೆ ಬರುತ್ತಾರೆ. 2020ರ ಮಾರ್ಚಿಯಲ್ಲಿ ಕೊರೊನಾ ನಿರ್ಬಂಧದ ಕಾರಣ ತಲಪಾಡಿಯ ಗಡಿ ಮುಚ್ಚಿದಾಗ, ಕಾಸರಗೋಡಿನ ರೋಗಿಗಳ ಈ ಅವಲಂಬನೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ದೂರದಿಂದ ಬರುವವರಿಗೆ ಹೆರಿಗೆಯ ಆತಂಕದಲ್ಲಿ ದೊಡ್ಡ ಪಾಲು ನೋವಿನದ್ದಲ್ಲ; ಹೊತ್ತಿಗೆ ಸರಿಯಾಗಿ ತಲುಪುತ್ತೇವೆಯೆ, ಅಪರಿಚಿತ ವಾರ್ಡಿನಲ್ಲಿ ಯಾರಿರುತ್ತಾರೆ ಎಂಬ ಚಿಂತೆಗಳದ್ದು. ಆದುದರಿಂದ ಆಸ್ಪತ್ರೆಯ ದಾರಿ, ವಾಹನದ ಏರ್ಪಾಡು, ದಾಖಲೆಗಳು, ಸಾಧ್ಯವಾದರೆ ಹೆರಿಗೆ ವಾರ್ಡಿನ ಪರಿಚಯ ಇವನ್ನು ಮುಂಚಿತವಾಗಿ ಮಾಡಿಕೊಳ್ಳುವುದು ಸಹ ಶಾಂತ ಹೆರಿಗೆಯ ಸಿದ್ಧತೆಯೇ ಆಗಿದೆ.

ಈ ಪ್ರದೇಶದ ಮತ್ತೊಂದು ವಿಶೇಷ ಭಾಷಾ ವೈವಿಧ್ಯ. ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮತ್ತು ಕನ್ನಡಗಳನ್ನು ಆಡುವ ಹೆಂಗಸರು ಒಂದೇ ವಾರ್ಡಿನಲ್ಲಿರುತ್ತಾರೆ. ವಿಶ್ರಾಂತಿಯ ಸೂಚನೆಗಳು ತಾಯಿಯ ಮನೆಮಾತಿನಲ್ಲಿದ್ದಾಗ ಅವು ಸುಲಭವಾಗಿ ಮನಸ್ಸಿಗೆ ಇಳಿಯುತ್ತವೆ. ಇಂಗ್ಲಿಷಿನ ಧ್ವನಿಮುದ್ರಿಕೆಗಿಂತ ಮನೆಯವರೇ ತಮ್ಮ ಮಾತಿನಲ್ಲಿ ಓದಿ ಹೇಳುವ ನಾಲ್ಕು ವಾಕ್ಯಗಳು ಹಲವರಿಗೆ ಹೆಚ್ಚು ಆಪ್ತವಾಗುತ್ತವೆ.

ಅಭ್ಯಾಸದ ವಿಧಾನಗಳು

ಪ್ರಾರಂಭಿಸುವ ಮುನ್ನ

ಆರೋಗ್ಯವಂತ ಗರ್ಭಿಣಿಯರು ಈ ಅಭ್ಯಾಸಗಳನ್ನು ನಾಲ್ಕನೆಯ ಅಥವಾ ಐದನೆಯ ತಿಂಗಳಿನಿಂದ ತೊಡಗಿದರೆ ರೂಢಿಗೆ ಸಾಕಷ್ಟು ಕಾಲ ದೊರೆಯುತ್ತದೆ. ಕೊನೆಯ ತಿಂಗಳುಗಳಲ್ಲಿ ಪ್ರಾರಂಭಿಸಿದರೂ ಪ್ರಯೋಜನವಿದೆ. ದಿನಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಗರ್ಭದ ಉತ್ತರಾರ್ಧದಲ್ಲಿ ಬಹಳ ಹೊತ್ತು ಅಂಗಾತ ಮಲಗಬಾರದು. ಗರ್ಭಕೋಶದ ಭಾರವು ದೊಡ್ಡ ರಕ್ತನಾಳಗಳನ್ನು ಒತ್ತಿ ತಲೆಸುತ್ತು ಬರಬಹುದು. ಎಡಮಗ್ಗುಲಾಗಿ ಮಲಗಿ, ಮೊಣಕಾಲುಗಳ ನಡುವೆ ಹಾಗೂ ಹೊಟ್ಟೆಯ ಕೆಳಗೆ ದಿಂಬು ಇರಿಸಿಕೊಳ್ಳುವುದು ಅಥವಾ ಒರಗಿ ಕುಳಿತುಕೊಳ್ಳುವುದು ಒಳ್ಳೆಯದು.

ಸ್ನಾಯುಗಳ ಸಡಿಲಿಕೆ

ಪಾದದಿಂದ ಆರಂಭಿಸಿ ಒಂದೊಂದು ಸ್ನಾಯುಗುಂಪನ್ನು ಕೆಲವು ಕ್ಷಣ ಮೆಲ್ಲಗೆ ಬಿಗಿಹಿಡಿದು, ಉಸಿರು ಬಿಡುವಾಗ ಪೂರ್ತಿ ಸಡಿಲ ಬಿಡಬೇಕು. ಪಾದ, ಮೀನಖಂಡ, ತೊಡೆ, ಪೃಷ್ಠ, ಕೈ, ಹೆಗಲು, ದವಡೆ, ಹಣೆ ಹೀಗೆ ಕ್ರಮವಾಗಿ ಮೇಲಕ್ಕೆ ಸಾಗಬೇಕು. ಹೊಟ್ಟೆಯನ್ನು ಬಲವಾಗಿ ಬಿಗಿಯಬಾರದು. ಬಿಗಿತಕ್ಕೂ ಸಡಿಲಿಕೆಗೂ ಇರುವ ವ್ಯತ್ಯಾಸವನ್ನು ದೇಹವೇ ಗುರುತಿಸುವಂತಾಗುವುದು ಇದರ ಉದ್ದೇಶ. ಕೆಲವು ವಾರಗಳಲ್ಲಿ ಬಿಗಿಹಿಡಿಯುವ ಹಂತವನ್ನು ಬಿಟ್ಟು ನೇರವಾಗಿ ಸಡಿಲಿಸಲು ಬರುತ್ತದೆ. ಆ ಮೇಲೆ ಸಂಗಾತಿಯು ಹೆಗಲನ್ನು ಮುಟ್ಟಿದೊಡನೆ ಆ ಭಾಗವನ್ನು ಸಡಿಲ ಬಿಡುವ ರೂಢಿ ಮಾಡಿಕೊಂಡರೆ ಬೇನೆಯ ಹೊತ್ತಿನಲ್ಲಿ ಮಾತಿಲ್ಲದೆ ಸ್ಪರ್ಶವೇ ಸೂಚನೆಯಾಗುತ್ತದೆ.

ಉಸಿರಾಟ

ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಂಡು, ಎಳೆದುಕೊಂಡದ್ದಕ್ಕಿಂತ ದೀರ್ಘವಾಗಿ ಹೊರಬಿಡುವುದು ಎಲ್ಲಕ್ಕಿಂತ ಸರಳವಾದ ಕ್ರಮ. ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ ಎಂದು ಪ್ರಾರಂಭಿಸಬಹುದು. ಅದು ಕಷ್ಟವಾದರೆ ಎಣಿಕೆಯನ್ನು ತಗ್ಗಿಸಬೇಕು. ಬಹಳ ವೇಗವಾಗಿ ಉಸಿರಾಡಿದರೆ ತಲೆಸುತ್ತು, ಬೆರಳುಗಳಲ್ಲಿ ಜುಮುಜುಮು ಉಂಟಾಗುತ್ತದೆ. ಉಸಿರನ್ನು ತಡೆಹಿಡಿಯುವ ಕುಂಭಕ, ಹೊಟ್ಟೆಯನ್ನು ಜಗ್ಗುವ ಕಪಾಲಭಾತಿ ಮತ್ತು ಭಸ್ತ್ರಿಕಾಗಳು ಗರ್ಭಿಣಿಯರಿಗೆ ತಕ್ಕವಲ್ಲ.

ಮನೋಚಿತ್ರಣ

ದೇಹ ಸಡಿಲಗೊಂಡ ಮೇಲೆ ಮನೋಚಿತ್ರಣವನ್ನು ಕೈಗೊಳ್ಳಬೇಕು. ಇದರಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ನೆಮ್ಮದಿಯ ತಾಣ. ಬಾಲ್ಯದಿಂದ ಪರಿಚಿತವಾದ ಒಂದು ಸ್ಥಳವನ್ನು ಆರಿಸಿಕೊಂಡು ಅದರ ವಿವರಗಳನ್ನು ಒಂದೊಂದಾಗಿ ನೆನೆಯುವುದು. ಕರಾವಳಿಯವರಿಗೆ ಅದು ಅಡಿಕೆ ತೋಟದ ತಂಪು, ಹೆಂಚಿನ ಮೇಲೆ ಬೀಳುವ ಆಷಾಢದ ಮಳೆಯ ಸದ್ದು ಅಥವಾ ಅಜ್ಜಿಮನೆಯ ಜಗಲಿ ಆಗಿರಬಹುದು. ಇನ್ನೊಬ್ಬರು ಆರಿಸಿದ ಸುಂದರ ದೃಶ್ಯಕ್ಕಿಂತ ತನ್ನದೇ ನೆನಪಿನ ಸಾಧಾರಣ ದೃಶ್ಯ ಹೆಚ್ಚು ಕಾಲ ನಿಲ್ಲುತ್ತದೆ.

ಎರಡನೆಯದು ಹೋಲಿಕೆಯ ಚಿತ್ರ. ಪ್ರತಿ ಬೇನೆಯನ್ನೂ ಕಡಲ ಅಲೆಯಂತೆ ಕಾಣುವುದು ಇದಕ್ಕೆ ಉದಾಹರಣೆ. ಅಲೆ ದೂರದಲ್ಲಿ ಮೂಡುತ್ತದೆ, ಏರುತ್ತದೆ, ತುದಿಮುಟ್ಟುತ್ತದೆ, ದಡಕ್ಕೆ ಬಂದು ಹರಡಿ ಹಿಂದೆ ಸರಿಯುತ್ತದೆ. ಬೇನೆಯೂ ಹಾಗೆಯೇ ಏರಿ ಇಳಿಯುವುದರಿಂದ ಈ ಹೋಲಿಕೆ ಕೇವಲ ಅಲಂಕಾರವಲ್ಲ. ತುದಿಯನ್ನು ತಲುಪಿದ ಮೇಲೆ ಇಳಿತ ಖಚಿತವೆಂಬುದನ್ನು ಅದು ನೆನಪಿಸುತ್ತದೆ. ಗರ್ಭಕೋಶದ ಕೊರಳು ತೆರೆಯುವುದನ್ನು ಸಂಜೆಗೆ ನಿಧಾನವಾಗಿ ಅರಳುವ ಮಲ್ಲಿಗೆ ಮೊಗ್ಗಿಗೆ ಹೋಲಿಸಿಕೊಳ್ಳುವವರಿದ್ದಾರೆ. ಕಡಲೆಂದರೆ ಅಂಜುವವಳಿಗೆ ಅಲೆಯ ಚಿತ್ರ ಸಲ್ಲದು. ಅಂಥವರು ಗುಡ್ಡವನ್ನು ಹತ್ತಿ ಇಳಿಯುವ ಚಿತ್ರವನ್ನು ಬಳಸಬಹುದು.

ಮೂರನೆಯದು ಮುನ್ನಾಭ್ಯಾಸ. ಬೇನೆ ಕಾಣಿಸುವುದು, ಮನೆಯಿಂದ ಹೊರಡುವುದು, ದಾಖಲಾಗುವುದು, ದಾದಿಯ ಪರೀಕ್ಷೆ, ಮಗುವಿನ ಮೊದಲ ಅಳು ಇವನ್ನು ಕ್ರಮವಾಗಿ ಕಲ್ಪಿಸಿಕೊಳ್ಳುತ್ತ ಪ್ರತಿ ಘಟ್ಟದಲ್ಲಿಯೂ ಉಸಿರನ್ನು ನಿಧಾನವಾಗಿರಿಸುವುದು. ಇಲ್ಲಿ ಒಂದೇ ಬಗೆಯ ಮುಕ್ತಾಯವನ್ನು ಕಲ್ಪಿಸಿಕೊಳ್ಳುವುದು ಸೂಕ್ತವಲ್ಲ. ಅಗತ್ಯವಾದರೆ ಶಸ್ತ್ರಕ್ರಿಯೆಯ ಕೋಣೆಗೆ ಹೋಗುವುದು, ಅಲ್ಲಿಯೂ ಇದೇ ಉಸಿರಾಟವನ್ನು ಮುಂದುವರಿಸುವುದು, ಮಗುವನ್ನು ಎದೆಗಪ್ಪಿಕೊಳ್ಳುವುದು ಇದನ್ನೂ ಅಭ್ಯಾಸದಲ್ಲಿ ಸೇರಿಸಿಕೊಂಡರೆ ಯೋಜನೆ ಬದಲಾದಾಗ ಮನಸ್ಸು ಕುಸಿಯುವುದಿಲ್ಲ.

ಹೆರಿಗೆಯ ಹಂತಗಳಲ್ಲಿ ಬಳಕೆ

ಹೆರಿಗೆಯ ಮೊದಲ ಹಂತವು ಗರ್ಭಕೋಶದ ಕೊರಳು ಪೂರ್ಣವಾಗಿ, ಅಂದರೆ ಸುಮಾರು 10 ಸೆಂಟಿಮೀಟರ್ ತೆರೆಯುವವರೆಗಿನದು. ಇದರ ಆರಂಭದ ಭಾಗ ನಿಧಾನಗತಿಯದು. ಬೇನೆಗಳ ನಡುವೆ ಸಾಕಷ್ಟು ಬಿಡುವಿರುತ್ತದೆ. ಈ ಕಾಲದಲ್ಲಿ ಓಡಾಡುವುದು, ನೀರು ಕುಡಿಯುವುದು, ವೈದ್ಯರು ಬೇಡವೆನ್ನದಿದ್ದರೆ ಹಗುರವಾಗಿ ಉಣ್ಣುವುದು ಮತ್ತು ನಿದ್ರಿಸುವುದು ಉಪಯುಕ್ತ. ವಿಶ್ವ ಆರೋಗ್ಯ ಸಂಸ್ಥೆಯು ಕೊರಳು 5 ಸೆಂಟಿಮೀಟರ್ ತೆರೆದ ನಂತರದ ಭಾಗವನ್ನು ಸಕ್ರಿಯ ಹಂತವೆಂದು ಪರಿಗಣಿಸುತ್ತದೆ; ಅದು ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆಯನ್ನೂ ಅನಂತರದ ಹೆರಿಗೆಗಳಲ್ಲಿ 10 ಗಂಟೆಯನ್ನೂ ಮೀರುವುದಿಲ್ಲ.

ಸಕ್ರಿಯ ಹಂತದಲ್ಲಿ ಒಂದೊಂದು ಬೇನೆ ಸುಮಾರು ಒಂದು ನಿಮಿಷ ಇರುತ್ತದೆ. ಬೇನೆ ಆರಂಭವಾದೊಡನೆ ಒಂದು ದೀರ್ಘ ನಿಶ್ವಾಸ, ಬಳಿಕ ಅಲೆಯ ಚಿತ್ರದೊಂದಿಗೆ ನಿಧಾನ ಉಸಿರಾಟ, ಮುಗಿದಾಗ ಮತ್ತೊಂದು ನಿಶ್ವಾಸ ಮತ್ತು ಇಡೀ ದೇಹದ ಸಡಿಲಿಕೆ ಎಂಬ ಕ್ರಮವನ್ನು ಅನುಸರಿಸಬಹುದು. ಎರಡು ಬೇನೆಗಳ ನಡುವಿನ ಬಿಡುವಿನಲ್ಲಿ ಮುಂದಿನದಕ್ಕೆ ಹೆದರುತ್ತ ಕೂಡದೆ ವಿಶ್ರಮಿಸುವುದು ಈ ಅಭ್ಯಾಸದ ಬಹುಮುಖ್ಯ ಲಾಭ. ಹಲವು ಗಂಟೆಗಳ ಹೆರಿಗೆಯಲ್ಲಿ ಈ ಬಿಡುವುಗಳ ಒಟ್ಟು ಮೊತ್ತ ಗಣನೀಯವಾದದ್ದು.

ಎರಡನೆಯ ಹಂತದಲ್ಲಿ ತಾಯಿಯು ಮುಕ್ಕಬೇಕಾಗುತ್ತದೆ. ಇಲ್ಲಿ ಪೂರ್ಣ ವಿಶ್ರಾಂತಿ ಗುರಿಯಲ್ಲ; ದವಡೆ ಮತ್ತು ತೊಡೆಗಳನ್ನು ಸಡಿಲವಾಗಿರಿಸಿಕೊಂಡು, ದಾದಿಯ ಅಥವಾ ವೈದ್ಯರ ಸೂಚನೆಯಂತೆ ಬಲವನ್ನು ಕೆಳಮುಖವಾಗಿ ಬಳಸುವುದು ಮುಖ್ಯ. ಕೂಗಿದರೆ, ಅತ್ತರೆ ಅಭ್ಯಾಸ ವಿಫಲವಾಯಿತೆಂದು ತಿಳಿಯಬಾರದು.

ಜೊತೆಗಾರರ ಪಾತ್ರ

ತಾಯಿಯೊಬ್ಬಳೇ ಎಷ್ಟು ಅಭ್ಯಾಸ ಮಾಡಿದರೂ ಹೆರಿಗೆ ಕೋಣೆಯಲ್ಲಿ ಗದರಿಕೆ ಕೇಳಿದರೆ ಶಾಂತಿ ಉಳಿಯುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಹೆಣ್ಣುಸಂಗಾತಿಯೊಬ್ಬರು ಜೊತೆಗಿರಲು ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಅನುಮತಿ ನೀಡಿತು. 2017ರ ಡಿಸೆಂಬರಿನಲ್ಲಿ ಆರಂಭವಾದ 'ಲಕ್ಷ್ಯ' ಕಾರ್ಯಕ್ರಮವು ಹೆರಿಗೆ ಕೋಣೆಗಳ ಗುಣಮಟ್ಟದೊಂದಿಗೆ ಗೌರವಯುತ ಆರೈಕೆಯನ್ನೂ ತನ್ನ ಗುರಿಗಳಲ್ಲಿ ಸೇರಿಸಿಕೊಂಡಿದೆ.

17 ದೇಶಗಳ 15,858 ಮಹಿಳೆಯರನ್ನು ಒಳಗೊಂಡ 26 ಅಧ್ಯಯನಗಳನ್ನು 2017ರಲ್ಲಿ ಕಾಕ್ರೇನ್ ಸಂಸ್ಥೆ ಪರಿಶೀಲಿಸಿತು. ಹೆರಿಗೆಯುದ್ದಕ್ಕೂ ನಿರಂತರ ಆಸರೆ ದೊರೆತವರಲ್ಲಿ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ಸಿಸೇರಿಯನ್ ಕಡಿಮೆ, ಹೆರಿಗೆಯ ಬಗೆಗಿನ ಅಸಮಾಧಾನ ಕಡಿಮೆ ಎಂಬ ಸೂಚನೆ ಅದರಲ್ಲಿ ದೊರೆಯಿತು. ತಾಯಿ, ಅತ್ತೆ, ಅಕ್ಕ ಅಥವಾ ನಿಯಮಗಳು ಒಪ್ಪುವಲ್ಲಿ ಗಂಡ, ಯಾರೇ ಜೊತೆಗಿರುವುದಾದರೂ ಅವರೂ ಮೊದಲೇ ಅಭ್ಯಾಸದಲ್ಲಿ ಪಾಲ್ಗೊಂಡಿರಬೇಕು. ಉಸಿರಿನ ಲಯವನ್ನು ನೆನಪಿಸುವುದು, ಸೊಂಟ ನೀವುವುದು, ನೀರು ಕೊಡುವುದು ಮತ್ತು ತಮ್ಮ ಸ್ವಂತ ಹೆರಿಗೆಯ ಭೀಕರ ಕಥೆಗಳನ್ನು ಹೇಳದಿರುವುದು ಅವರ ಕರ್ತವ್ಯ.

ವೈಜ್ಞಾನಿಕ ಪುರಾವೆ

ವಿಶ್ವ ಆರೋಗ್ಯ ಸಂಸ್ಥೆಯು 2018ರ ತನ್ನ ಮಾರ್ಗಸೂಚಿಯಲ್ಲಿ, ನೋವುಶಮನ ಬಯಸುವ ಆರೋಗ್ಯವಂತ ಗರ್ಭಿಣಿಯರಿಗೆ ಸ್ನಾಯು ಸಡಿಲಿಕೆ, ಉಸಿರಾಟ, ಸಂಗೀತ ಮತ್ತು ಸಾವಧಾನತೆಯಂಥ ಕ್ರಮಗಳನ್ನು ಅವರ ಇಚ್ಛೆಯಂತೆ ಒದಗಿಸಬಹುದೆಂದು ಶಿಫಾರಸು ಮಾಡಿದೆ. ಅದೇ ಮಾರ್ಗಸೂಚಿ ಎಪಿಡ್ಯೂರಲ್ ಮತ್ತಿತರ ಔಷಧಗಳನ್ನೂ ಶಿಫಾರಸು ಮಾಡುತ್ತದೆ. ಎರಡೂ ಪರಸ್ಪರ ವಿರೋಧಿಗಳಲ್ಲ.

ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆಯು ವಿಶ್ರಾಂತಿ ಮತ್ತು ಯೋಗದಿಂದ ನೋವಿನ ತೀವ್ರತೆ ತಗ್ಗಬಹುದೆಂದೂ, ಆದರೆ ಪುರಾವೆಯ ಗುಣಮಟ್ಟ ಕೆಳಮಟ್ಟದ್ದೆಂದೂ ಹೇಳಿತು. ಥಾಯ್ಲೆಂಡಿನಲ್ಲಿ 74 ಚೊಚ್ಚಲ ಗರ್ಭಿಣಿಯರ ನಡುವೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯೋಗಾಭ್ಯಾಸಿಗಳು ಕಡಿಮೆ ನೋವನ್ನೂ ಹೆಚ್ಚು ನೆಮ್ಮದಿಯನ್ನೂ ವರದಿ ಮಾಡಿದರು. ಇಂಗ್ಲೆಂಡಿನಲ್ಲಿ 680 ಮಹಿಳೆಯರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಾದರೋ ಸ್ವಸಂಮೋಹನ ಕಲಿತವರಲ್ಲಿ ಶೇ. 27.9 ಮಂದಿಯೂ ಕಲಿಯದವರಲ್ಲಿ ಶೇ. 30.3 ಮಂದಿಯೂ ಎಪಿಡ್ಯೂರಲ್ ಪಡೆದರು. ಈ ಅಂತರ ಗಣನೀಯವಾಗಿರಲಿಲ್ಲ. ಆದರೆ ಕಲಿತವರಿಗೆ ಹೆರಿಗೆಯ ಭಯ ಮತ್ತು ಆತಂಕ ತಾವು ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಎನಿಸಿತ್ತು. ಒಟ್ಟಿನಲ್ಲಿ, ಈ ಅಭ್ಯಾಸಗಳು ಹೆರಿಗೆಯ ವಿಧಾನವನ್ನು ಬದಲಿಸುತ್ತವೆ ಎಂಬುದಕ್ಕಿಂತ ಹೆರಿಗೆಯ ಅನುಭವವನ್ನು ಹಗುರಗೊಳಿಸಬಲ್ಲವು ಎಂಬುದಕ್ಕೆ ಹೆಚ್ಚಿನ ಆಧಾರವಿದೆ.

ಮಿತಿಗಳು ಮತ್ತು ಟೀಕೆ

'ಅನಾಗರಿಕ' ಸಮಾಜಗಳ ಸ್ತ್ರೀಯರು ನೋವಿಲ್ಲದೆ ಹೆರುತ್ತಾರೆ ಎಂಬ ಡಿಕ್-ರೀಡನ ಕಲ್ಪನೆಗೆ ಆಧಾರವಿರಲಿಲ್ಲ. ಅದರಲ್ಲಿ ವಸಾಹತುಶಾಹಿ ಪೂರ್ವಗ್ರಹವಿತ್ತು. ಲಮಾಜ್ ತನ್ನ ಆಸ್ಪತ್ರೆಯಲ್ಲಿ ಹೆರಿಗೆಯಾದವರನ್ನು ಅವರ ಸಂಯಮವನ್ನು ನೋಡಿ 'ಉತ್ತಮ'ದಿಂದ 'ವಿಫಲ'ದವರೆಗೆ ವಿಂಗಡಿಸುತ್ತಿದ್ದುದೂ ಟೀಕೆಗೆ ಗುರಿಯಾಯಿತು. ಹೆರಿಗೆ ಪರೀಕ್ಷೆಯಲ್ಲ, ಅದರಲ್ಲಿ ತೇರ್ಗಡೆ ಮತ್ತು ಅನುತ್ತೀರ್ಣ ಎಂಬುದಿಲ್ಲ. ಶಿಶುವಿನ ಸ್ಥಾನ, ತಾಯಿಯ ಸೊಂಟದ ರಚನೆ, ರಕ್ತದೊತ್ತಡ, ಮಾಸದ ಸ್ಥಿತಿ ಇವನ್ನು ವಿಶ್ರಾಂತಿಯಿಂದ ಬದಲಿಸಲಾಗದು. ಶ್ರದ್ಧೆಯಿಂದ ಅಭ್ಯಾಸ ಮಾಡಿದವಳಿಗೂ ಸಿಸೇರಿಯನ್ ಬೇಕಾಗಬಹುದು. ಅದನ್ನು ಆಕೆಯ ಮನೋಬಲದ ಕೊರತೆಯೆಂದು ಬಗೆಯುವುದು ತಪ್ಪು ಮಾತ್ರವಲ್ಲ, ಬಾಣಂತಿಯ ಮನಸ್ಸಿಗೆ ಹಾನಿಕರವೂ ಹೌದು.

'ಗರ್ಭಸಂಸ್ಕಾರ'ದ ಹೆಸರಿನಲ್ಲಿ ನಡೆಯುವ ಕೆಲವು ತರಗತಿಗಳು ವಿಶ್ರಾಂತಿಯನ್ನು ಕಲಿಸುವುದರ ಜೊತೆಗೆ ಬೆಳ್ಳಗಿನ, ಅಸಾಧಾರಣ ಬುದ್ಧಿಯ ಮಗುವಿನ ಭರವಸೆಯನ್ನೂ ನೀಡುತ್ತವೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಗರ್ಭದಲ್ಲಿಯೇ ಚಕ್ರವ್ಯೂಹದ ಭೇದನವನ್ನು ಕೇಳಿದ ಅಭಿಮನ್ಯುವಿನ ಕಥೆ ಎಲ್ಲರಿಗೂ ಪ್ರಿಯವಾದುದು. ಶಿಶುವು ಗರ್ಭದ ಕೊನೆಯ ತಿಂಗಳುಗಳಲ್ಲಿ ಸದ್ದಿಗೆ ಪ್ರತಿಕ್ರಿಯಿಸುತ್ತದೆ ಎಂಬುದೂ ನಿಜ. ಆದರೆ ಅಲ್ಲಿಂದ ಮಗುವಿನ ಬುದ್ಧಿಯನ್ನೋ ಬಣ್ಣವನ್ನೋ ರೂಪಿಸಬಹುದೆಂಬ ತೀರ್ಮಾನಕ್ಕೆ ದಾರಿಯಿಲ್ಲ.

ಕೆಲವರಲ್ಲಿ ಹೆರಿಗೆಯ ಭಯವು ನಿದ್ರೆ ಕೆಡಿಸುವಷ್ಟು, ಗರ್ಭವನ್ನೇ ಬೇಡವೆನಿಸುವಷ್ಟು ತೀವ್ರವಾಗಿರುತ್ತದೆ. ಹಿಂದಿನ ಹೆರಿಗೆಯ ಆಘಾತ, ಶಿಶುವಿನ ನಷ್ಟ ಅಥವಾ ದೌರ್ಜನ್ಯದ ನೆನಪು ಇದಕ್ಕೆ ಕಾರಣವಾಗಿರಬಹುದು. ಇಂಥವರಿಗೆ ಕಣ್ಣುಮುಚ್ಚಿ ಮಾಡುವ ಮನೋಚಿತ್ರಣದಿಂದ ಕಳವಳ ಹೆಚ್ಚಬಹುದು. ಇವರಿಗೆ ಮನೋವೈದ್ಯರ ನೆರವು ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮತ್ತು ಶಿಶುವಿಗೆ ಮೀಸಲಾದ ಮನೋವೈದ್ಯಕೀಯ ಘಟಕವಿದೆ. ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416.

ಎಚ್ಚರಿಕೆಯ ಲಕ್ಷಣಗಳು

ಕೆಳಗಿನ ಲಕ್ಷಣಗಳು ಕಂಡುಬಂದಾಗ ವಿಶ್ರಾಂತಿ ಅಭ್ಯಾಸದಿಂದ ಶಮನವಾದೀತೆಂದು ಕಾಯಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು ಅಥವಾ 108 ಆಂಬ್ಯುಲೆನ್ಸ್ ಕರೆಯಬೇಕು.

• ಯೋನಿಯಿಂದ ರಕ್ತಸ್ರಾವ
• ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಊತ, ಸೆಳವು
• ಮಗುವಿನ ಚಲನೆ ಕಡಿಮೆಯಾಗುವುದು ಅಥವಾ ನಿಲ್ಲುವುದು
• ನೀರಿನ ಚೀಲ ಒಡೆಯುವುದು, ವಿಶೇಷವಾಗಿ ನೀರು ಹಸಿರು ಬಣ್ಣದ್ದಾಗಿದ್ದರೆ
• ದಿನ ತುಂಬುವ ಮುನ್ನವೇ ಬೇನೆ ಕಾಣಿಸುವುದು
• ಬಿಡುವಿಲ್ಲದ ತೀವ್ರ ಹೊಟ್ಟೆನೋವು ಅಥವಾ ಜ್ವರ

ಹೆರಿಗೆಯ ನಂತರವೂ ನಿಧಾನ ಉಸಿರಾಟ ಮತ್ತು ಸ್ನಾಯು ಸಡಿಲಿಕೆಯನ್ನು ಮುಂದುವರಿಸಬಹುದು. ಹಾಲೂಡಿಸುವಾಗ ಹೆಗಲು ಸಡಿಲವಾಗಿದ್ದರೆ ತಾಯಿಗೆ ದಣಿವು ಕಡಿಮೆ. ಬಾಣಂತನದಲ್ಲಿ ಎರಡು ವಾರಗಳಿಗೂ ಮೀರಿ ಅಳು, ನಿರುತ್ಸಾಹ ಅಥವಾ ಮಗುವಿನ ಬಗ್ಗೆ ನಿರಾಸಕ್ತಿ ಉಳಿದರೆ ಅದನ್ನು ಬಾಣಂತಿಯ ಸ್ವಭಾವವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.